ಕೆಸರಿನಲ್ಲಿ ಕರೆಂಟ್ ಗಾಡಿ: ನಮ್ಮ ಪೆಟ್ರೋಲ್, ಡೀಸೆಲ್ ಇಂಜಿನ್‌ಗಳಿಗೆ ಇನ್ನೆಷ್ಟು ದಿನ?

ಘಾಟ್‌ಗೇರ್, ಚಿಂಚವಾಡ

ರಸ್ತೆ ಇಲ್ಲದ ಕಡೆ ಗಾಡಿ ಓಡಿಸುವ (ಆಫ್‌ರೋಡ್) ನಮ್ಮ ಗುಂಪಿನ ಎಲ್ಲರಿಗೂ ನಮಸ್ಕಾರ. ಭಾನುವಾರ ಆದದ್ದನ್ನು ಹೇಳಿಬಿಡುತ್ತೇನೆ. ನಗುವವರು ಈಗಲೇ ನಕ್ಕುಬಿಡಿ.

ಪುಣೆ ಹತ್ತಿರದ ಮುಳಶಿ ಡ್ಯಾಮ್ ಆಚೆ ನಾವು ಪ್ರತಿ ಮಳೆಗಾಲ ಹೋಗುವ ಆ ಕೆಂಪು ಮಣ್ಣಿನ ಏರು ಗೊತ್ತಲ್ಲ? ನನ್ನ 2021ರ ಪೆಟ್ರೋಲ್ ಥಾರ್ ಅದನ್ನು ಹತ್ತಲು ಮೂರು ಸಲ ಬೇಕಾಯಿತು. ಮೊದಲ ಸಲ ಫೋರ್ ಹೈನಲ್ಲೇ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ವೇಗದ ಗೇರಿನಲ್ಲೇ ನುಗ್ಗಿದೆ. ಅದು ಗಾಡಿಯ ತಪ್ಪಲ್ಲ, ನನ್ನ ಸೊಕ್ಕು. ಎರಡನೇ ಸಲ ನಿಧಾನದ, ಜಾಸ್ತಿ ಬಲದ ಫೋರ್ ಲೋ ಹಾಕಿದೆ, ಅರ್ಧಕ್ಕೆ ಭಯ ಬಿದ್ದು ಕಾಲು ಎತ್ತಿದೆ. ಮೂರನೇ ಸಲ ಮೇಲೆ ತಲುಪಿದೆ. ಕ್ಲಚ್ ವಾಸನೆ ಮಾತ್ರ ನನಗಿಂತ ಮೊದಲೇ ತಲುಪಿತ್ತು.

ನನ್ನ ಹಿಂದೆ ಒಂದು ಎಲೆಕ್ಟ್ರಿಕ್ ಎಸ್‌ಯುವಿ ಇತ್ತು. ಎರಡು ಮೋಟಾರ್, ಒಳಗೆ ನಾಲ್ಕು ಜನ. ಓಡಿಸುತ್ತಿದ್ದ ಪುಣ್ಯಾತ್ಮ ಆಫ್‌ರೋಡಿಗೆ ಬಂದದ್ದು ಅದೇ ಎರಡನೇ ಸಲವಂತೆ. ಲಿಫ್ಟ್ ಹತ್ತಿದ ಹಾಗೆ ಹತ್ತಿ ಬಂದ. ಟೈರ್ ಕೆಸರನ್ನು ಹಿಂಡುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೇಲೆ ಬಂದು ಕಿಟಕಿ ಇಳಿಸಿ, 'ಇಷ್ಟೇನಾ?' ಎಂದು ಕೇಳಿದ.

ಅಂದಿನಿಂದ ನಿದ್ದೆ ಸರಿಯಾಗಿ ಬಂದಿಲ್ಲ. ಎರಡು ಮೂರು ವರ್ಷದಲ್ಲಿ ಗಾಡಿ ಬದಲಿಸಬೇಕು. ಇನ್ನೊಂದು ಇಂಜಿನ್ ಗಾಡಿಗೆ ದುಡ್ಡು ಹಾಕುವುದು ದಡ್ಡತನವೇ? ಓಡಿಸಿ ಗೊತ್ತಿರುವವರು ಹೇಳಿ. ಪೇಪರ್ ಓದಿ ಹೇಳುವವರು ದಯವಿಟ್ಟು ಬೇಡ.

ಡೀಸೆಲ್ ದಾದಾ, ಹಡಪ್ಸರ್

ಒಂದು ಏರು ಹತ್ತಿದ್ದಕ್ಕೆ ಇಷ್ಟು ಕಣ್ಣೀರೇ? ಅದೇ ಗಾಡಿಯನ್ನು ಮೂರು ದಿನ ಊರಿಲ್ಲದ ಕಡೆ ಕರೆದುಕೊಂಡು ಹೋಗಲಿ, ಆಮೇಲೆ ಮಾತಾಡೋಣ.

ಲೆಕ್ಕ ಕೇಳಿ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. 20 ಲೀಟರಿನ ಒಂದು ಕ್ಯಾನಿನಲ್ಲಿ 200 ಯೂನಿಟ್. ಇಂಜಿನ್ ಅದರಲ್ಲಿ ಮುಕ್ಕಾಲು ಪಾಲು ಬಿಸಿ ಮಾಡಿ ಹಾಳು ಮಾಡಿದರೂ ನನ್ನ ಚಕ್ರಕ್ಕೆ 50 ಯೂನಿಟ್ ಸಿಗುತ್ತದೆ. ಆ ಕ್ಯಾನನ್ನು ನಾನು ಒಂದು ಕೈಯಲ್ಲಿ ಎತ್ತುತ್ತೇನೆ. ಅಷ್ಟೇ ಕರೆಂಟ್ ತುಂಬುವ ಬ್ಯಾಟರಿ ಎತ್ತಲು ಕ್ರೇನ್ ತರಿಸಬೇಕು. ಮುಗೀತು ವಾದ.

ಕರೆಂಟ್ ಮಾಮಾ, ವಾಕಡ್

ಮುಗಿದಿಲ್ಲ ದಾದಾ, ಈಗ ಶುರು.

ನಾನು ಎಲೆಕ್ಟ್ರಿಕ್ ಓಡಿಸುವವನು. ಹೊಟ್ಟೆಪಾಡಿಗೆ ಮೋಟಾರ್ ಕಂಟ್ರೋಲರ್ ಕೆಲಸವನ್ನೇ ಮಾಡುವವನು. ಆದ್ದರಿಂದ ಎರಡೂ ಕಡೆಯದನ್ನು ಹೇಳುತ್ತೇನೆ.

ನಿಮ್ಮ ಕ್ಯಾನ್ ಲೆಕ್ಕ ಸರಿ. ಆದರೆ ಕೆಸರಿನ ದಾರಿಯಲ್ಲಿ ಖರ್ಚಾಗುವುದು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಐದು ತಾಸಿನ ಟ್ರೇಲ್ (ಕಾಡಿನ ಕಚ್ಚಾ ದಾರಿಯ ಓಟ) ಎಂದರೆ ನಾವು ನಿಜವಾಗಿ ಓಡುವುದು 12-15 ಕಿ.ಮೀ. ಉಳಿದ ಹೊತ್ತೆಲ್ಲ ಮುಂದಿನವನನ್ನು ಎಳೆಯುವುದು, ಫೋಟೊ ಹೊಡೆಯುವುದು, ಅವಲಕ್ಕಿ ತಿನ್ನುವುದು. ಆಗ ನಿಮ್ಮ ಇಂಜಿನ್ ಸುಮ್ನೆ ನಿಂತಲ್ಲೇ ಕುಡಿಯುತ್ತಿರುತ್ತದೆ. ನನ್ನ ಮೋಟಾರ್ ನಿಂತಾಗ ಏನೂ ತಿನ್ನುವುದಿಲ್ಲ. ಕಳೆದ ತಿಂಗಳು ಎಸಿ ಹಾಕಿಕೊಂಡೇ ಐದು ತಾಸು ಕೆಸರಿನಲ್ಲಿದ್ದೆ. ಇಳಿದದ್ದು ಸುಮಾರು ಹದಿನೈದು ಪರ್ಸೆಂಟ್ ಬ್ಯಾಟರಿ.

ಬ್ಯಾಟರಿ ಕುಡಿಯುವುದು ಹೈವೇ. ವಾಕಡ್‌ನಿಂದ ಬೆಳಗಾವಿಗೆ 340 ಕಿ.ಮೀ. ನೂರರ ಮೇಲೆ ಓಡಿಸಿ, ಖಂಬಾಟಕಿ ಘಾಟ್ ಹತ್ತಿ, ನಿಪ್ಪಾಣಿ ಹತ್ತಿರ ಮೀಟರ್ ನೋಡಿದರೆ ಎದೆ ಡವಡವ. ಟಾಟಾ ಹ್ಯಾರಿಯರ್ ಇವಿಯ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಮಾದರಿಗೆ ಪರೀಕ್ಷೆಯ ರೇಂಜ್, ಅಂದರೆ ಒಂದು ಚಾರ್ಜಿನ ಓಟ, 622 ಕಿ.ಮೀ. ರಸ್ತೆಯಲ್ಲಿ 460ರಿಂದ 490 ಎಂದು ಕಂಪನಿಯೇ ಹೇಳುತ್ತದೆ. ನಮ್ಮಂಥವರು ಕಚ್ಚಾ ದಾರಿಗೂ ನಡೆಯುವ ದಪ್ಪ ಎಟಿ ಟೈರ್ ಹಾಕಿ, ಮೇಲೆ ಕ್ಯಾರಿಯರ್ ಕಟ್ಟಿದರೆ ಅದರಿಂದಲೂ ಕಳೆಯಿರಿ.

ಅಂದರೆ ತಲೆನೋವು ಕಾಡಿನೊಳಗೆ ಇಲ್ಲ. ಕಾಡಿಗೆ ಹೋಗಿ ಬರುವ ದಾರಿಯಲ್ಲಿ ಇದೆ.

ಠಾಣೆ ಜಿಮ್ನಿ

ಮಾರಾಯ್ರೇ, ದಾರಿಯಲ್ಲೂ ಅಲ್ಲ. ತಲೆನೋವು ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಇದೆ. ಪಕ್ಕದವರು ಚಾರ್ಜರ್ ಹಾಕಿಸಲು ಎಂಟು ತಿಂಗಳಿಂದ ಓಡಾಡುತ್ತಿದ್ದಾರೆ. ಕಮಿಟಿಯ ಸೆಕ್ರೆಟರಿಗೆ ಬೆಂಕಿಯ ಭಯ. ಅದೇ ಸೆಕ್ರೆಟರಿ ಲಿಫ್ಟಿನ ಮೋಟಾರ್ ರೂಮಿನಲ್ಲಿ ಹಳೇ ಪೇಪರ್ ಗುಡ್ಡೆ ಹಾಕಿದ್ದಾರೆ, ಅದು ಪರವಾಗಿಲ್ಲವಂತೆ.

ಬೆಳಗಾವಿ ಜಿಪ್ಸಿ, ಕಾತ್ರಜ್

ಹುಡುಗರೇ, ನನ್ನದೊಂದು ಮಾತು. ನನ್ನ ಮಾರುತಿ ಜಿಪ್ಸಿಗೆ 80 ಕುದುರೆಯ ಇಂಜಿನ್. ಇವತ್ತಿನ ಲೆಕ್ಕದಲ್ಲಿ ಅದು ಕತ್ತೆ. ಆದರೂ ಅದು ಹೋಗುವ ಕಡೆ ನಿಮ್ಮ ಹೊಸ ಗಾಡಿಗಳು ಯಾಕೆ ಹೂತುಕೊಳ್ಳುತ್ತವೆ? ತೂಕ. ಜಿಪ್ಸಿ ಒಂದು ಟನ್ ಆಸುಪಾಸು. ಜಿಮ್ನಿ 1,200 ಕಿಲೋ. ಎಲೆಕ್ಟ್ರಿಕ್ ಎಸ್‌ಯುವಿ ಎರಡು ಟನ್ನಿಗೂ ಜಾಸ್ತಿ.

ಒಣ ಬಂಡೆಯ ಮೇಲೆ ತೂಕ ಒಳ್ಳೆಯದೇ, ಹಿಡಿತ ಬರುತ್ತದೆ. ಭತ್ತದ ಗದ್ದೆಯ ಅಂಚಿನಲ್ಲಿ ಅದೇ ತೂಕ ಯಮ. ನಾನು ಹೂತುಕೊಂಡರೆ ನಾಲ್ಕು ಹುಡುಗರು 'ಐಸಾ' ಎಂದು ತಳ್ಳಿದರೆ ಸಾಕು. ಎರಡೂಕಾಲು ಟನ್ನು ಹೂತುಕೊಂಡರೆ ಟ್ರ್ಯಾಕ್ಟರ್ ಕರೆಸಬೇಕು. ಟ್ರ್ಯಾಕ್ಟರ್ ಡೀಸೆಲ್ಲಿನದು, ನೆನಪಿರಲಿ.

ಇನ್ನೊಂದು ಸಂಶಯ. ಮುಂದೆ ಒಂದು ಮೋಟಾರ್, ಹಿಂದೆ ಒಂದು ಮೋಟಾರ್, ನಡುವೆ ಎರಡನ್ನೂ ಜೋಡಿಸುವ ಶಾಫ್ಟೇ ಇಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದಾಗುವುದಿಲ್ಲವೇ?

ಕರೆಂಟ್ ಮಾಮಾ, ವಾಕಡ್

ಕಾಕಾ, ಗಾದೆ ಚೆನ್ನಾಗಿದೆ, ಆದರೆ ಎತ್ತು ಕೋಣ ಎರಡನ್ನೂ ಒಬ್ಬನೇ ಹೊಡೆಯುತ್ತಿದ್ದಾನೆ. ಕಂಪ್ಯೂಟರ್. ಚಕ್ರ ಜಾರಿದ್ದು ನಮಗೆ ಗೊತ್ತಾಗುವ ಮೊದಲೇ ಅದು ಮೋಟಾರನ್ನು ಹಿಡಿದಿರುತ್ತದೆ. ಘಾಟ್‌ಗೇರ್ ಅವರ ಹಿಂದೆ ಬಂದವನು ಹೊಸಬನಾದರೂ ಹತ್ತಿದ್ದು ಅದರಿಂದಲೇ. ಇಂಜಿನ್ ಬಲ ಕೊಡಲು ತಿರುಗಬೇಕು, ಕ್ಲಚ್ ಜಾರಿಸಬೇಕು. ಮೋಟಾರ್ ಸೊನ್ನೆ ವೇಗದಲ್ಲೇ ಪೂರ್ತಿ ಬಲ ಕೊಡುತ್ತದೆ.

ನಿಮ್ಮ ಸಂಶಯದಲ್ಲಿ ನಿಜವೂ ಇದೆ. ಶಾಫ್ಟ್ ಇರುವ ಗಾಡಿಯಲ್ಲಿ ಮುಂದಿನ ಎರಡೂ ಚಕ್ರ ಗಾಳಿಯಲ್ಲಿದ್ದರೆ ಇಂಜಿನ್ನಿನ ಪೂರ್ತಿ ಬಲ ಹಿಂದಿನ ಆಕ್ಸಲ್‌ಗೆ ಹೋಗಬಲ್ಲದು. ನನ್ನ ಗಾಡಿಯಲ್ಲಿ ಮುಂದಿನ ಮೋಟಾರಿನ ಬಲ ಮುಂದೆಯೇ ವ್ಯರ್ಥ, ಹಿಂದಿನದು ಒಂಟಿಯಾಗಿ ಎಳೆಯಬೇಕು. ಆಮೇಲೆ ಡಿಫ್ ಲಾಕ್, ಅಂದರೆ ಒಂದು ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಹಿಡಿಯುವ ಬೀಗ. ಫೋರ್ಸ್ ಗುರ್ಖಾದಲ್ಲಿ ಮುಂದೆಯೂ ಹಿಂದೆಯೂ ಕೈಯಿಂದ ಹಾಕುವ ಲಾಕ್ ಇದೆ. ನನಗೆ ಬ್ರೇಕ್ ಹಿಡಿದು ಜಾರುವ ಚಕ್ರವನ್ನು ನಿಲ್ಲಿಸುವ ಉಪಾಯವೇ ಗತಿ. ಸ್ವಲ್ಪ ಹೊತ್ತಿಗೆ ಸಾಕು, ಬಹಳ ಹೊತ್ತಾದರೆ ಬ್ರೇಕ್ ಬಿಸಿಯಾಗುತ್ತದೆ.

ಕಂಪನಿಗಳ ಜಾಹೀರಾತಿನಲ್ಲಿ ಕಾಣದ ಸಂಗತಿ ಇನ್ನೊಂದಿದೆ. ಚಕ್ರ ಕಲ್ಲಿಗೆ ಸಿಕ್ಕಿ ತಿರುಗುತ್ತಿಲ್ಲ, ನೀವು ಮಾತ್ರ ಪೆಡಲ್ ಒತ್ತಿ ಹಿಡಿದಿದ್ದೀರಿ ಎಂದುಕೊಳ್ಳಿ. ಮೋಟಾರಿನ ಕರೆಂಟ್ ಮೂರು ಫೇಸ್‌ಗಳಲ್ಲಿ ಸರದಿಯಂತೆ ಹರಿಯಬೇಕು. ಮೋಟಾರ್ ತಿರುಗದಿದ್ದರೆ ಸರದಿ ನಿಲ್ಲುತ್ತದೆ. ಮೂವರು ಹೊರಬೇಕಾದ ಹೊರೆ ಒಬ್ಬನ ತಲೆ ಮೇಲೆ ಕೂರುತ್ತದೆ. ಆ ಭಾಗ ಬಿಸಿಯಾಗಿ ಕಂಟ್ರೋಲರ್ ತಾನೇ ಬಲ ಇಳಿಸುತ್ತದೆ. ಗಾಡಿ ಕೆಟ್ಟಿತು ಎಂದು ನೀವು ಬೈಯುತ್ತೀರಿ. ಅದು ತನ್ನನ್ನು ಉಳಿಸಿಕೊಳ್ಳುತ್ತಿರುತ್ತದೆ.

ಇದಕ್ಕೆ ಮದ್ದು ಲೋ ಗೇರು. ಮರ್ಸಿಡಿಸ್‌ನವರು ಎಲೆಕ್ಟ್ರಿಕ್ ಜಿ 580ಯಲ್ಲಿ ನಾಲ್ಕು ಚಕ್ರಕ್ಕೆ ನಾಲ್ಕು ಮೋಟಾರ್ ಇಟ್ಟರೂ ಪ್ರತಿಯೊಂದಕ್ಕೂ ಬೇರೆ ಲೋ ಗೇರು ಕೊಟ್ಟಿದ್ದಾರೆ. ಅಷ್ಟು ದುಡ್ಡಿದ್ದವರೂ ಲೋ ಗೇರು ಬಿಡಲಿಲ್ಲ, ನೋಡಿ.

ಡೀಸೆಲ್ ದಾದಾ, ಹಡಪ್ಸರ್

ಮೂರು ಕೋಟಿಯ, ಮೂರು ಟನ್ನಿನ ಗಾಡಿ ಉದಾಹರಣೆಗೆ ಬಂತು. ನಾಳೆ ಟ್ರೇಲಿಗೆ ಹೆಲಿಕಾಪ್ಟರ್ ತನ್ನಿ.

ಹದಿನಾಲ್ಕರ ಪಾನಾ, ಭೋಸರಿ

ನಾನು ಗ್ಯಾರೇಜಿನವನು. ಊರು ವಿಜಯಪುರ ಕಡೆ, ಭೋಸರಿಗೆ ಬಂದು ಇಪ್ಪತ್ತೆರಡು ವರ್ಷ. ಓದಿದ್ದು ಕಡಿಮೆ, ಬಿಚ್ಚಿದ್ದು ಜಾಸ್ತಿ.

ನೀವೆಲ್ಲ ಬಲ ಬಲ, ಅಂದರೆ ಟಾರ್ಕ್ ಟಾರ್ಕ್ ಎನ್ನುತ್ತಿದ್ದೀರಿ. ನನಗೆ ಫೋನ್ ಬರುವುದು ಟಾರ್ಕ್ ಕಡಿಮೆಯಾಯಿತು ಎಂದಲ್ಲ. ಗಾಡಿ ನಿಂತಿತು, ಮಳೆ ಬರುತ್ತಿದೆ, ಹೆಂಡತಿ ಮಕ್ಕಳು ಒಳಗಿದ್ದಾರೆ ಎಂದು. ಆದ್ದರಿಂದ ಗಾಡಿ ಯಾವುದೇ ಇರಲಿ, ನಾನು ಕೇಳುವುದು ಒಂದೇ. ನಿಂತಲ್ಲಿ ಯಾರು ರಿಪೇರಿ ಮಾಡುತ್ತಾರೆ?

ಮಹೀಂದ್ರಾದ ಹಳೇ ಎಂಎಂ 540 ಜೀಪು ಇತ್ತು. ಡೀಸೆಲ್ ಪಂಪಿನಲ್ಲಿ ಗಾಳಿ ಸೇರಿದರೆ ಒಂದು ಪಾನಾದಿಂದ ಬೋಲ್ಟ್ ಸಡಿಲಿಸಿ, ಕೈಪಂಪು ಒತ್ತಿ, ಗಾಳಿ ತೆಗೆದು, ಹೊರಡು. ಫ್ಯಾನ್ ಬೆಲ್ಟ್ ಹರಿದರೆ ಹಗ್ಗ ಕಟ್ಟಿಕೊಂಡು ಮನೆ ಸೇರಿದವರಿದ್ದಾರೆ. ಜಿಪ್ಸಿ ಕಾಕಾಗೆ ಗೊತ್ತು.

ಈಗಿನ ಎಲೆಕ್ಟ್ರಿಕ್ ಗಾಡಿಯಲ್ಲಿ ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ವೈರ್ ಕಂಡರೆ ಕೈ ಹಿಂದೆ. ನಾನು ಅದರ ಟ್ರೇನಿಂಗ್ ಮಾಡಿಕೊಂಡೆ. ಮೊದಲು ಬ್ಯಾಟರಿಯ ಕರೆಂಟ್ ಕಡಿಯುವ ಸರ್ವಿಸ್ ಪ್ಲಗ್ ತೆಗೆಯಬೇಕು. ಒಳಗಿನ ಕೆಪಾಸಿಟರ್ ಖಾಲಿಯಾಗಲು ಕಾಯಬೇಕು. ಸಾವಿರ ವೋಲ್ಟ್ ತಡೆಯುವ ಗ್ಲೌಸ್ ಹಾಕಬೇಕು, ಗ್ಲೌಸಿನಲ್ಲಿ ತೂತಿಲ್ಲ ಎಂದು ಗಾಳಿ ತುಂಬಿ ನೋಡಬೇಕು. ಆಮೇಲೆ ಮೀಟರ್ ಹಿಡಿದು ಸೊನ್ನೆ ನೋಡಬೇಕು. ಆಮೇಲೆ ಕೆಲಸ. ಇದನ್ನು ತಾಮ್ಹಿಣಿ ಘಾಟಿನ ಮಳೆಯಲ್ಲಿ, ರಸ್ತೆಬದಿಯಲ್ಲಿ ಮಾಡು ಎಂದರೆ ನಾನು ಬರುವುದಿಲ್ಲ. ಫ್ಲಾಟ್‌ಬೆಡ್ ಕಳಿಸುತ್ತೇನೆ.

ಡೀಸೆಲ್ ದಾದಾ, ಹಡಪ್ಸರ್

ಇದೇ! ಇದನ್ನೇ ನಾನು ಹೇಳಿದ್ದು. ಪಾನಾ ಅಣ್ಣನಿಗೆ ನನ್ನ ಕಡೆಯಿಂದ ಒಂದು ಚಹಾ.

ಹದಿನಾಲ್ಕರ ಪಾನಾ, ಭೋಸರಿ

ಚಹಾ ತಡೆಯಿರಿ ದಾದಾ, ನನ್ನ ಮಾತು ಅರ್ಧ ಮಾತ್ರ ಆಗಿತ್ತು.

2020ರ ಏಪ್ರಿಲ್ ಒಂದರಿಂದ ಬಿಎಸ್6 ಎನ್ನುವ ಹೊಗೆ ನಿಯಮ ಬಂತಲ್ಲ. ಅದರ ನಂತರದ ಡೀಸೆಲ್ ಗಾಡಿಯ ಬಾನೆಟ್ ಎತ್ತಿ ನೋಡಿದ್ದೀರಾ? ಡಿಪಿಎಫ್ ಇದೆ, ಒಂದಷ್ಟು ಹೊಗೆಯನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ಇದೆ, ಕೆಲವಕ್ಕೆ ಯೂರಿಯಾ ಟ್ಯಾಂಕ್ ಬೇರೆ. ಡಿಪಿಎಫ್ ಎಂದರೆ ಹೊಗೆಯ ಮಸಿ ಹಿಡಿಯುವ ಜರಡಿ. ಜರಡಿ ತುಂಬಿದರೆ ಗಾಡಿ ತಾನೇ ಅದನ್ನು ಕಾಯಿಸಿ ಮಸಿ ಸುಡಬೇಕು. ಅದಕ್ಕೆ ಹೈವೇಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ನೀವು ವಾರವಿಡೀ ಹಿಂಜವಡಿ ಟ್ರಾಫಿಕ್‌ನಲ್ಲಿ ತೆವಳುತ್ತೀರಿ, ಭಾನುವಾರ ಫೋರ್ ಲೋದಲ್ಲಿ ತೆವಳುತ್ತೀರಿ. ಮಸಿ ಯಾವಾಗ ಸುಡಬೇಕು ಅದು?

ಹೋದ ವರ್ಷ ನನ್ನದೇ ಗಿರಾಕಿಯ ಡೀಸೆಲ್ ಗಾಡಿ, ಕಂಪನಿ ಹೆಸರು ಬೇಡ, ಘಾಟಿನಲ್ಲಿ ತಾನೇ ಬಲ ಇಳಿಸಿಕೊಂಡು ಕುಂಟುವ ಲಿಂಪ್ ಮೋಡಿಗೆ ಹೋಯಿತು. ನನ್ನ ಹತ್ತಿರ ಎಲ್ಲ ಪಾನಾ ಇತ್ತು. ಯಾವ ಪಾನಾಕ್ಕೂ ಅಲ್ಲಿ ಕೆಲಸ ಇರಲಿಲ್ಲ. ಲ್ಯಾಪ್‌ಟಾಪ್ ಬೇಕಿತ್ತು. ಅದೂ ಫ್ಲಾಟ್‌ಬೆಡ್ ಮೇಲೆಯೇ ಪುಣೆಗೆ ಬಂತು.

ಹಾಗಾಗಿ ಎಲೆಕ್ಟ್ರಿಕ್ ಬಂದು ನಮ್ಮ ಕೈಯಿಂದ ಪಾನಾ ಕಿತ್ತುಕೊಂಡಿತು ಎನ್ನಬೇಡಿ. ಪಾನಾ ಹೋಗಿ ಐದು ವರ್ಷ ದಾಟಿತು. ನೀವು ಹೊಸ ಡೀಸೆಲ್ ಕೊಂಡು ಹಳೇ ಡೀಸೆಲ್ಲಿನ ಧೈರ್ಯ ಇಟ್ಟುಕೊಂಡಿದ್ದೀರಿ, ಅಷ್ಟೇ.

ಘಾಟ್‌ಗೇರ್, ಚಿಂಚವಾಡ

ಪಾನಾ ಅಣ್ಣ, ಈ ಮಾತು ನಾಟಿತು. ನಾನು ಥಾರ್ ಕೊಂಡಾಗ ತಲೆಯಲ್ಲಿ ಇದ್ದದ್ದು ನಮ್ಮ ಮಾವನ ಹಳೇ ಜೀಪು. ಧಾರವಾಡದಲ್ಲಿ ಅವರು ಅಂಗಳದಲ್ಲೇ ಅದನ್ನು ಬಿಚ್ಚಿ ಕಟ್ಟುತ್ತಿದ್ದರು. ನಾನು ಈ ನಾಲ್ಕು ವರ್ಷದಲ್ಲಿ ಏರ್ ಫಿಲ್ಟರ್ ಬಿಟ್ಟು ಬೇರೆ ಏನೂ ಬಿಚ್ಚಿಲ್ಲ.

ಠಾಣೆ ಜಿಮ್ನಿ

ಪೆಟ್ರೋಲಿನವರು ಆರಾಮ ಎಂದುಕೊಂಡಿರಾ? ಈಗ ಪಂಪಿನಲ್ಲಿ ಸಿಗುವುದು ಇ20. ಐದರಲ್ಲಿ ಒಂದು ಪಾಲು ಎಥನಾಲ್. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಕಡಿಮೆ, ಮೈಲೇಜ್ ಇಳಿಯುವುದು ಸಹಜ. ಅದು ದೊಡ್ಡ ವಿಷಯ ಅಲ್ಲ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನನ್ನ ಚಿಂತೆ ಅದು. ನಮ್ಮ ಗಾಡಿಗಳು ತಿಂಗಳುಗಟ್ಟಲೆ ನಿಲ್ಲುತ್ತವೆ, ಅದೂ ಮುಂಬೈ ಹವೆಯಲ್ಲಿ. ಹೊಸ ಗಾಡಿಗಳ ರಬ್ಬರ್, ಪೈಪ್ ಎಲ್ಲ ಅದಕ್ಕೆ ತಕ್ಕಂತೆ ಮಾಡಿರುತ್ತಾರೆ. ಜಿಪ್ಸಿ ಕಾಕಾ, ನಿಮ್ಮದು ಹೇಗೆ?

ಬೆಳಗಾವಿ ಜಿಪ್ಸಿ, ಕಾತ್ರಜ್

ಎರಡು ಸಲ ಫ್ಯುಯೆಲ್ ಪೈಪ್ ಬದಲಿಸಿದೆ ತಂಗಿ. ಈಗ ನಿಲ್ಲಿಸುವ ಮೊದಲು ಟ್ಯಾಂಕ್ ಪೂರ್ತಿ ತುಂಬಿಸುತ್ತೇನೆ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ತೇವ ಕಡಿಮೆ. ವಾರಕ್ಕೊಮ್ಮೆ ಕಾತ್ರಜ್ ಘಾಟ್ ಹತ್ತಿಸಿ ತರುತ್ತೇನೆ. ಮನೆಯವಳು ಅದಕ್ಕೆ 'ಸವತಿಯನ್ನು ವಾಕಿಂಗ್ ಕರೆದುಕೊಂಡು ಹೋಗುವುದು' ಎನ್ನುತ್ತಾಳೆ.

ಫೋಂಡಾ ಫೋರ್‌ಬೈಫೋರ್, ಗೋವಾ

ನೀವೆಲ್ಲ ಹವ್ಯಾಸಕ್ಕೆ ಓಡಿಸುವವರು. ಹೊಟ್ಟೆಗಾಗಿ ಓಡಿಸುವವರ ಕಡೆಯಿಂದ ನೋಡಿ. ನಾನು ಹಾವೇರಿಯವನು, ಫೋಂಡಾದಲ್ಲಿ ಗ್ಯಾರೇಜ್. ದೂಧ್‌ಸಾಗರಕ್ಕೆ ಕುಳೆಂನಿಂದ ಹೋಗುವ ಜೀಪುಗಳಲ್ಲಿ ಕೆಲವು ನನ್ನ ಹತ್ತಿರ ಬರುತ್ತವೆ.

ಆ ದಾರಿ ಯಾರಾದರೂ ಹೋಗಿದ್ದೀರಾ? ಒಂದು ಕಡೆಗೆ ಹತ್ತು ಹನ್ನೆರಡು ಕಿ.ಮೀ. ಮಹಾವೀರ ಅಭಯಾರಣ್ಯದ ಒಳಗೆ ಕೆಂಪು ಧೂಳು, ಕಲ್ಲು, ನಡುವೆ ಹರಿಯುವ ನೀರು ದಾಟಬೇಕು. ಮಳೆಗಾಲ ಮುಗಿದು ಅಕ್ಟೋಬರ್ ಹೊತ್ತಿಗೆ ಶುರುವಾದರೆ ದಿನವಿಡೀ ಸಾಲು ಸಾಲು ಜೀಪು. ಪ್ರತಿ ಜೀಪಿನಲ್ಲಿ ಏಳು ಜನ. ದಾರಿ ಗೊತ್ತಿರುವುದೇ, ದೂರ ಗೊತ್ತಿರುವುದೇ, ರಾತ್ರಿ ಗಾಡಿ ನಿಲ್ಲುವ ಜಾಗವೂ ಗೊತ್ತಿರುವುದೇ. ವೇಗ ಬೇಡ, ಹೈವೇ ಇಲ್ಲ. ಹುಡುಕಿದರೂ ಎಲೆಕ್ಟ್ರಿಕ್ ಜೀಪಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದಿಲ್ಲ. ಕಾಡಿನ ನಡುವೆ ಆ ಹಳೇ ಡೀಸೆಲ್ ಹೊಗೆ ನೋಡಿದರೆ ನನಗೇ ನಾಚಿಕೆ, ಅದರಿಂದ ಅನ್ನ ತಿನ್ನುವವನಿಗೆ.

ಆದರೆ ಜೀಪಿನವನು ಯಾಕೆ ಬದಲಿಸುತ್ತಾನೆ? ಅವನ ಗಾಡಿಯ ಸಾಲ ತೀರಿ ಎಷ್ಟೋ ವರ್ಷ ಆಗಿದೆ. ಸೀಸನ್ ನಡುವೆ ಲೀಫ್ ಸ್ಪ್ರಿಂಗ್ ಮುರಿದರೆ ಸಂಜೆಗೆ ನಾನು ಕಟ್ಟಿ ಕೊಡುತ್ತೇನೆ. ಹೊಸ ಎಲೆಕ್ಟ್ರಿಕ್‌ಗೆ ಇಪ್ಪತ್ತು ಲಕ್ಷ ಸಾಲ ಮಾಡಿ, ಕೆಟ್ಟರೆ ಹದಿನೈದು ದಿನ ಪಾರ್ಟ್ ಬರುವವರೆಗೆ ಕೂತರೆ ಅವನ ಸೀಸನ್ ಹೋಯಿತು.

ನೀರಿನ ಬಗ್ಗೆಯೂ ಹೇಳುತ್ತೇನೆ. ಇಂಜಿನ್ ಉಸಿರಾಡುತ್ತದೆ. ಮೂಗಿಗೆ ನೀರು ಹೋದರೆ ಸತ್ತಂತೆ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೋಟಾರ್ ಉಸಿರಾಡುವುದಿಲ್ಲ. ಹಾಗೆಂದು ಎಲೆಕ್ಟ್ರಿಕ್ ಎಲ್ಲವೂ ಜಾಸ್ತಿ ನೀರಿಗೆ ಇಳಿಯುತ್ತವೆ ಎಂದುಕೊಳ್ಳಬೇಡಿ. ಥಾರ್‌ಗೆ ಕಂಪನಿ ಹೇಳುವ ಮಿತಿ 650 ಮಿ.ಮೀ., ಗುರ್ಖಾಗೆ 700, ಹ್ಯಾರಿಯರ್ ಇವಿಗೆ 600. ಮರ್ಸಿಡಿಸ್‌ನ ಜಿ ವ್ಯಾಗನ್‌ನಲ್ಲಿ ಮಾತ್ರ ಉಲ್ಟಾ. ಇಂಜಿನ್ನಿನದಕ್ಕೆ 700, ಎಲೆಕ್ಟ್ರಿಕ್‌ಗೆ 850. ಯಾವುದಕ್ಕಾಗಿ ಕಟ್ಟಿದ್ದಾರೆ ಎನ್ನುವುದರ ಮೇಲೆ ಹೋಗುತ್ತದೆ.

ಉಪ್ಪುನೀರು ಬೇರೆಯೇ ಕಥೆ. ಗೋವಾದ ಬೀಚಿನಲ್ಲಿ ಗಾಡಿ ಇಳಿಸುವುದು ಅಪರಾಧ. ಆದರೂ ಪ್ರತಿ ಸೀಸನ್ ಬಾಡಿಗೆ ಗಾಡಿಯವರು ಇಳಿಸುತ್ತಾರೆ, ಸಮುದ್ರದ ಉಬ್ಬರ ಬಂದು ಗಾಡಿ ಮುಳುಗುತ್ತದೆ, ಪೊಲೀಸರು ಕೇಸು ಹಾಕುತ್ತಾರೆ. ಪೆಟ್ರೋಲ್ ಇರಲಿ ಎಲೆಕ್ಟ್ರಿಕ್ ಇರಲಿ, ಅಂಥ ಗಾಡಿ ನನ್ನ ಗ್ಯಾರೇಜಿಗೆ ತರಬೇಡಿ.

ಡೀಸೆಲ್ ದಾದಾ, ಹಡಪ್ಸರ್

ರೇನ್‌ಫಾರೆಸ್ಟ್ ಚಾಲೆಂಜ್ ಎನ್ನುವ ಆಫ್‌ರೋಡ್ ಸ್ಪರ್ಧೆ 2014ರಿಂದ ನಿಮ್ಮ ಗೋವಾದಲ್ಲೇ ಮಳೆಯಲ್ಲಿ ನಡೆಯುತ್ತದೆ. ಅಲ್ಲಿ ಎದೆಮಟ್ಟದ ಕೆಸರಿನಲ್ಲಿ ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ಮೇಲೆ ವಿಂಚ್ ಎಳೆಯುತ್ತಾರೆ. 12 ವೋಲ್ಟಿನ ದೊಡ್ಡ ವಿಂಚ್ ಪೂರ್ತಿ ಭಾರಕ್ಕೆ 400 ಆಂಪಿಯರ್ ಹತ್ತಿರ ಎಳೆಯುತ್ತದೆ. ನಾವು ಆಲ್ಟರ್ನೇಟರ್ ದೊಡ್ಡದು ಹಾಕುತ್ತೇವೆ, ಎರಡು ಬ್ಯಾಟರಿ ಇಡುತ್ತೇವೆ. ಮಾಮಾ, ನಿಮ್ಮ ಗಾಡಿಯ 12 ವೋಲ್ಟ್ ಬ್ಯಾಟರಿ ಎಷ್ಟು ದೊಡ್ಡದು?

ಕರೆಂಟ್ ಮಾಮಾ, ವಾಕಡ್

ಚಿಕ್ಕದು. ಇದರಲ್ಲಿ ನೀವು ಗೆದ್ದಿರಿ. 75 ಯೂನಿಟ್ ಕರೆಂಟ್ ಹೊಟ್ಟೆಯೊಳಗೆ ಇದ್ದರೂ ವಿಂಚಿಗೆ ಕೊಡಲು ದಾರಿ ಸಣ್ಣದು. ಹಬ್ಬದ ಅಡುಗೆ ಮಾಡಿ ಚಮಚದಲ್ಲಿ ಬಡಿಸಿದ ಹಾಗೆ. ನಾನು ಸದ್ಯಕ್ಕೆ ಕೈಯಿಂದ ಎಳೆಯುವ ವಿಂಚ್ ಇಟ್ಟುಕೊಂಡಿದ್ದೇನೆ. ಭುಜ ನೋವು ಬೋನಸ್.

ಠಾಣೆ ಜಿಮ್ನಿ

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಇಂಜಿನ್ ಎಸ್‌ಯುವಿಗೆ ಜಿಎಸ್‌ಟಿ 40 ಪರ್ಸೆಂಟ್, ಎಲೆಕ್ಟ್ರಿಕ್‌ಗೆ 5. ಇದರ ಮೇಲೆ ಮುಂಬೈನ ಅಟಲ್ ಸೇತುವಿನಲ್ಲಿ ಎಲೆಕ್ಟ್ರಿಕ್ ಕಾರಿಗೆ ಟೋಲ್ ಮಾಫಿ. ಇಷ್ಟು ದೊಡ್ಡ ಅಂತರ ಇಟ್ಟು ಸರಕಾರ ನಮ್ಮನ್ನು ಒಂದು ಕಡೆಗೆ ತಳ್ಳುತ್ತಿದೆ ಎನ್ನುವುದರಲ್ಲಿ ಅನುಮಾನವೇ ಇಲ್ಲ.

ಡೀಸೆಲ್ ದಾದಾ, ಹಡಪ್ಸರ್

ತಳ್ಳುವುದು ನಿಜ. ಆದರೆ ಆ ಕರೆಂಟ್ ಎಲ್ಲಿಂದ ಬರುತ್ತದೆ? ಚಂದ್ರಪುರದಲ್ಲಿ ಕಲ್ಲಿದ್ದಲು ಸುಟ್ಟು. ಹೊಗೆ ಇಲ್ಲಿಂದ ಅಲ್ಲಿಗೆ ಹೋಯಿತು, ಅಷ್ಟೇ ತಾನೇ?

ಕರೆಂಟ್ ಮಾಮಾ, ವಾಕಡ್

ಬಹುಪಾಲು ಕಲ್ಲಿದ್ದಲೇ, ಒಪ್ಪಿದೆ. ಆದರೆ ಕೊಯ್ನಾದ ನೀರೂ ಇದೆ, ನನ್ನ ಮನೆ ಮೇಲಿನ ಸೋಲಾರ್ ಕೂಡ ಇದೆ. ನನ್ನ ಗಾಡಿ ಕಾಲಕ್ಕೆ ತಕ್ಕಂತೆ ಸ್ವಚ್ಛವಾಗಬಹುದು. ನಿಮ್ಮ ಗಾಡಿ ವಯಸ್ಸಾದಂತೆ ಇನ್ನಷ್ಟು ಹೊಗೆ ಬಿಡುತ್ತದೆ. ದಿಲ್ಲಿಯಲ್ಲಿ ಹತ್ತು ವರ್ಷದ ಡೀಸೆಲ್ ಬೇಡ ಎಂದು ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತು. ಅದು ಪುಣೆಗೆ ಬರುವುದಿಲ್ಲ ಎಂದು ಬರೆದು ಕೊಡುತ್ತೀರಾ?

ಡೀಸೆಲ್ ದಾದಾ, ಹಡಪ್ಸರ್

ಬರೆದು ಕೊಡುವುದಿಲ್ಲ. ಆ ಭಯ ನನಗೂ ಇದೆ.

ಹೊಸಬ, ಖರಾಡಿ

ನಮಸ್ತೆ ಸರ್, ಮೇಡಂ. ಹುಬ್ಬಳ್ಳಿಯಿಂದ ಬಂದು ಒಂದು ವರ್ಷ. ಮೊದಲ ಫೋರ್‌ಬೈಫೋರ್ ಕೊಳ್ಳಬೇಕು. ಒಂದು ಸಂಶಯ: ಹಳೇ ಜಿಪ್ಸಿ ತೆಗೆದುಕೊಂಡು ಅದಕ್ಕೆ ಮೋಟಾರ್ ಕೂರಿಸಿದರೆ ಆಗುವುದಿಲ್ಲವೇ? ಹಗುರ ಗಾಡಿ, ಮೇಲೆ ಟಾರ್ಕ್. ಎರಡೂ ಸಿಕ್ಕಿತಲ್ಲ?

ಬೆಳಗಾವಿ ಜಿಪ್ಸಿ, ಕಾತ್ರಜ್

ತಮ್ಮಾ, ಈ ಕನಸು ನನಗೂ ಬಿದ್ದಿತ್ತು. ಸೇನೆಯವರು ಮಾಡಿಯೂ ತೋರಿಸಿದರು. 2023ರಲ್ಲಿ ದಿಲ್ಲಿಯಲ್ಲಿ ಎಲೆಕ್ಟ್ರಿಕ್ ಜಿಪ್ಸಿ ನಿಲ್ಲಿಸಿದ್ದರು, ಐಐಟಿ ದಿಲ್ಲಿಯವರು ಕೈ ಜೋಡಿಸಿದ್ದರು. 30 ಯೂನಿಟ್ ಬ್ಯಾಟರಿ, 120 ಕಿ.ಮೀ. ಓಟ. ಟ್ರೇಲಿಗೆ ಸಾಕೋ ಸಾಕು.

ಆದರೆ ಮನೆಯಲ್ಲಿ ಮಾಡಿಕೊಳ್ಳುವ ಹಾಗಿಲ್ಲ. ಕಂಪನಿ ಕೊಟ್ಟ ಮೂಲ ವಿನ್ಯಾಸ ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಮೋಟಾರ್ ಕಿಟ್‌ಗೆ ಗಾಡಿಗಳನ್ನು ಪರೀಕ್ಷಿಸುವ ಎಆರ್‌ಎಐ ಥರದ ಸಂಸ್ಥೆಯ ಒಪ್ಪಿಗೆ ಬೇಕು, ಆಮೇಲೆ ಆರ್‌ಟಿಒ. ಎಆರ್‌ಎಐ ನಮ್ಮ ಕೋಥ್ರುಡ್ ಗುಡ್ಡದ ಮೇಲೆಯೇ ಇದೆ. ಬೆಳಗಿನ ವಾಕಿಂಗ್‌ಗೆ ಎಷ್ಟು ಸಲ ಆ ಗುಡ್ಡ ಹತ್ತಿದ್ದೇನೋ. ಆ ಗೇಟು ನೋಡಿದಾಗಲೆಲ್ಲ ನನ್ನ ಜಿಪ್ಸಿಯ ನೆನಪು ಬರುತ್ತದೆ.

ಹದಿನಾಲ್ಕರ ಪಾನಾ, ಭೋಸರಿ

ಹೊಸಬ ತಮ್ಮಾ, ಮೊದಲ ವರ್ಷ ದುಡ್ಡು ಟೈರ್ ಮೇಲೆ ಹಾಕು. ಗಾಡಿ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಸಾಕು. ಕೊಳ್ಳುವ ಮೊದಲು ಚಾಸಿಸ್ ಕೆಳಗೆ ಮಲಗಿ ನೋಡು, ತುಕ್ಕಿದ್ದರೆ ಎದ್ದು ಬಾ. ಗೋವಾ ಗಾಡಿ ಆದರೆ ಎರಡು ಸಲ ಮಲಗು.

ಫೋಂಡಾ ಫೋರ್‌ಬೈಫೋರ್, ಗೋವಾ

ಇದಕ್ಕೆ ನನ್ನ ಆಕ್ಷೇಪಣೆ ಇದೆ. ಆದರೆ ಮಾತು ನಿಜ.

ಠಾಣೆ ಜಿಮ್ನಿ

ಒಂದು ಮಾತು ಹೇಳಿ ಸುಮ್ಮನಾಗುತ್ತೇನೆ. ಕಳೆದ ಜುಲೈನಲ್ಲಿ ಗೆಳತಿಯ ಎಲೆಕ್ಟ್ರಿಕ್ ಗಾಡಿಯಲ್ಲಿ ತಾಮ್ಹಿಣಿಗೆ ಹೋಗಿದ್ದೆ. ಕಿಟಕಿ ಪೂರ್ತಿ ಇಳಿಸಿದ್ದೆವು. ಸಿಳ್ಳೆ ಹಾಕುವ ಆ ನೀಲಿ ಹಕ್ಕಿ ಇದೆಯಲ್ಲ, ಅದರ ದನಿ ಗಾಡಿಯೊಳಗೆ ಕೂತೇ ಕೇಳಿತು. ಹನ್ನೊಂದು ವರ್ಷದಿಂದ ಆ ಘಾಟಿಗೆ ಹೋಗುತ್ತಿದ್ದೇನೆ. ಇಂಜಿನ್ ಆಫ್ ಮಾಡದೆ ಅದನ್ನು ಕೇಳಿದ್ದು ಅದೇ ಮೊದಲು.

ಆದರೆ ಮುಂದಿನ ತಿರುವಿನಲ್ಲಿ ಎಮ್ಮೆಗಳ ಹಿಂಡು. ನಮ್ಮ ಸದ್ದು ಅವಕ್ಕೆ ಕೇಳಲೇ ಇಲ್ಲ. ಒಂದು ಎಮ್ಮೆ ತಿರುಗಿ ನೋಡಿ ಗಾಬರಿಯಾದ ಪರಿ! ಎಮ್ಮೆ ಕಾಯುವ ಅಜ್ಜ ಮರಾಠಿಯಲ್ಲಿ ಬೈದದ್ದನ್ನು ಇಲ್ಲಿ ಬರೆಯಲು ಆಗುವುದಿಲ್ಲ.

ಡೀಸೆಲ್ ದಾದಾ, ಹಡಪ್ಸರ್

ಅಜ್ಜ ನಮ್ಮ ಪಕ್ಷ.

ಘಾಟ್‌ಗೇರ್, ಚಿಂಚವಾಡ

ಎಲ್ಲರಿಗೂ ಧನ್ಯವಾದ. ನಾನು ಸದ್ಯಕ್ಕೆ ಥಾರ್ ಮಾರುವುದಿಲ್ಲ. ಅದರ ಗೇರ್ ಹಾಕುವುದನ್ನು ಮೊದಲು ಕಲಿಯುತ್ತೇನೆ. ಎರಡು ವರ್ಷದಲ್ಲಿ ಯಾರಾದರೂ ಒಂದೂವರೆ ಟನ್ನಿನೊಳಗೆ, ಲೋ ಗೇರು ಮತ್ತು ಡಿಫ್ ಲಾಕ್ ಇರುವ ಎಲೆಕ್ಟ್ರಿಕ್ ಗಾಡಿ ತಂದರೆ ಮೊದಲ ಬುಕಿಂಗ್ ನನ್ನದು. 2023ರ ಆಗಸ್ಟ್ ಹದಿನೈದಕ್ಕೆ ಥಾರ್ ಇ ಎಂದು ಎಲೆಕ್ಟ್ರಿಕ್ ಥಾರ್‌ನ ಮಾದರಿ ತೋರಿಸಿದ್ದರು. ಅದು ರಸ್ತೆಗೆ ಬರುವಾಗ ಎಷ್ಟು ತೂಗುತ್ತದೆ ಎನ್ನುವುದನ್ನು ಕಾದು ನೋಡುತ್ತೇನೆ.

ಅದಿರಲಿ. ಬರುವ ಭಾನುವಾರ ಅದೇ ಏರು. ಬೆಳಗ್ಗೆ ಆರಕ್ಕೆ ಚಾಂದನಿ ಚೌಕದಲ್ಲಿ ಸೇರೋಣ. ಮಾಮಾ, ನೀವು ನಿಮ್ಮ ಗಾಡಿ ತನ್ನಿ. ಕೀ ನನಗೆ ಹತ್ತು ನಿಮಿಷ ಕೊಡಬೇಕು. ನಿಮಗೆ ನನ್ನ ಥಾರ್ ಕೊಡುತ್ತೇನೆ.

ಕರೆಂಟ್ ಮಾಮಾ, ವಾಕಡ್

ಆಗಲಿ. ಒಂದೇ ಷರತ್ತು, ಫೋರ್ ಹೈನಲ್ಲಿ ನುಗ್ಗುವ ಅಭ್ಯಾಸ ನನ್ನ ಗಾಡಿಯ ಮೇಲೆ ಬೇಡ.

ಬೆಳಗಾವಿ ಜಿಪ್ಸಿ, ಕಾತ್ರಜ್

ನಾನೂ ಬರುತ್ತೇನೆ. ಆ ಕರೆಂಟ್ ಗಾಡಿಯನ್ನು ನನಗೂ ಒಂದು ಸಲ ಓಡಿಸಲು ಕೊಡಿ. ಫೋಟೊ ತೆಗೆಯಬೇಡಿ, ಬೆಳಗಾವಿಯಲ್ಲಿ ನನ್ನ ಹೆಸರು ಕೆಡುತ್ತದೆ.

ಡೀಸೆಲ್ ದಾದಾ, ಹಡಪ್ಸರ್

ಫೋಟೊ ನಾನು ತೆಗೆಯುತ್ತೇನೆ. ವಿಂಚ್, ಹಗ್ಗ, ಡಿ ಶ್ಯಾಕಲ್ ನನ್ನ ಗಾಡಿಯಲ್ಲಿವೆ. ಚಪಾತಿ, ಶೇಂಗಾ ಚಟ್ನಿ ಯಾರು ತರುತ್ತೀರಿ?

ಹೊಸಬ, ಖರಾಡಿ

ನಾನು ತರುತ್ತೇನೆ ಸರ್. ಗಾಡಿ ಇಲ್ಲ, ಯಾರದಾದರೂ ಹಿಂದಿನ ಸೀಟು ಖಾಲಿ ಇದೆಯೇ?

ಹದಿನಾಲ್ಕರ ಪಾನಾ, ಭೋಸರಿ

ನನ್ನ ಪಿಕಪ್ಪಿನಲ್ಲಿ ಬಾ. ಪಾನಾ ಪೆಟ್ಟಿಗೆಯ ಪಕ್ಕ ಜಾಗ ಇದೆ. ಲ್ಯಾಪ್‌ಟಾಪ್ ಮೇಲೆ ಮಾತ್ರ ಕೂರಬೇಡ.